ಇಪ್ಪತ್ತೇಳನೆಯ ಹೂವಿನ ನಂತರ

ಬಿಚ್ಚಬೇಕೋ, ಬೇಡವೋ. ಬಿಚ್ಚಿದರೆ ಮೂವತ್ತಾರು ಸಾಲು ಹೋಗುತ್ತದೆ. ಹೋಗಲಿ, ನೂಲೇನೂ ಹಾಳಾಗುವುದಿಲ್ಲ. ಬಿಚ್ಚದಿದ್ದರೆ ಯಾರಿಗೆ ಕಾಣುತ್ತದೆ? ಎಲ್ಲರಿಗೂ ಕಾಣುತ್ತದೆ. ಕಾಣುವುದಿಲ್ಲ ಎಂದು ಐದು ವಾರ ನಂಬಿಕೊಂಡು ಬಂದದ್ದೇ ಸುಳ್ಳು. ಅಥವಾ, ಕಾಣಲಿ ಎಂದೇ ಬಿಟ್ಟಿದ್ದೆನೋ?

ಲೆಸ್ಟರ್ ಹಾಸಿಗೆಯ ಪಕ್ಕದಲ್ಲಿ ಮಂಡಿಯೂರಿ ಕುಳಿತು ವೇಲನ್ನು ನೋಡುತ್ತಿದ್ದ. ಕಡ್ಡಿಯಿಂದ ಇಳಿದ ಲೇಸು ಮುದುಡಿದ ಚಿಂದಿಯ ಹಾಗೆ ಇರುತ್ತದೆ. ತೊಳೆದು, ತೆಳು ಗಂಜಿಯಲ್ಲಿ ಅದ್ದಿ, ನಾಲ್ಕೂ ಕಡೆಯಿಂದ ಎಳೆದು ಗುಂಡುಸೂಜಿ ಚುಚ್ಚಿ ಒಣಗಿಸಿದಾಗಲೇ ಅದರ ಚಿತ್ರ ತೆರೆದುಕೊಳ್ಳುವುದು. ತಪ್ಪು ಇದ್ದರೆ ಅದು ತೆರೆದುಕೊಳ್ಳುವುದೂ ಆಗಲೇ. ನಿನ್ನೆ ಸಂಜೆ ಚುಚ್ಚಿಟ್ಟದ್ದು ಬೆಳಿಗ್ಗೆ ಒಣಗಿ ಗರಿಗರಿಯಾಗಿತ್ತು. ಸಾವಿರಾರು ಕಿಂಡಿಗಳ ನಡುವೆ ಒಂದು ಸಾಲು, ಅರ್ಧದಿಂದ ಆಚೆಗೆ ಕುರುಡಾಗಿ, ಬಿಳಿ ಗೆರೆ ಎಳೆದಂತೆ ನಿಂತಿತ್ತು.

ಮದುಮಗಳು ತಲೆಯ ಮೇಲಿಂದ ಇಳಿಬಿಡುವ ಈ ವೇಲ್ ಕಾರ್ಕಳದ ಶಾರ್ಲೆಟ್‌ಳ ಮದುವೆಗೆ. ಮೂವತ್ತು ವರ್ಷದ ಹಿಂದೆ ಅವಳ ತಾಯಿ ವೆರೊನಿಕಾ, ಬರ್ತಾ ಹೆಣೆದ ವೇಲ್ ತೊಟ್ಟು ಮದುವೆಯಾಗಿದ್ದಳು. ಮಗಳಿಗೂ ಅಂಥದ್ದೇ ಬೇಕೆಂದು ಜೂನ್‌ನಲ್ಲಿ ಹೇಳಿ ಹೋಗಿದ್ದಳು.

ಬರ್ತಾ ಲೆಸ್ಟರ್‌ನ ಅಮ್ಮನ ಅಕ್ಕ. ಮದುವೆಯಾಗದೆ ಕೆಮ್ಮಣ್ಣಿನ ಇದೇ ಮನೆಯಲ್ಲಿ ಇದ್ದವಳು. ಕಾನ್ವೆಂಟಿನ ಸಿಸ್ಟರುಗಳಿಂದ ಎರಡು ಕಡ್ಡಿಯಲ್ಲಿ ಲೇಸು ಹೆಣೆಯುವುದನ್ನು ಕಲಿತು, ನಲವತ್ತು ವರ್ಷ ಮದುವಣಗಿತ್ತಿಯರಿಗೆ ವೇಲ್, ಜ್ಞಾನಸ್ನಾನದ ಮಕ್ಕಳಿಗೆ ಟೋಪಿ, ಶಾಲು, ಇಗರ್ಜಿಯಲ್ಲಿ ಪೂಜೆ ನಡೆಯುವ ಆಲ್ತಾರಿನ ಬಟ್ಟೆಗೆ ಅಂಚು ಹೆಣೆದು ಕೊಟ್ಟಳು. ಬೇರೆ ಎಲ್ಲವನ್ನೂ ಹೊತ್ತು ಸಿಕ್ಕಾಗ ಹೆಣೆಯುತ್ತಿದ್ದಳು. ಮದುವೆಯ ವೇಲಿಗೆ ಮಾತ್ರ ಒಂದು ಕಟ್ಟುನಿಟ್ಟು: ಸಂಜೆಯ ತೆರ್ಸಿನ ಹೊತ್ತಿಗೆ, ದಿನಕ್ಕೆ ಒಂದೇ ಸಾಲು.

ತೆರ್ಸ್ ಎಂದರೆ ಮನೆಯವರೆಲ್ಲ ಕೂತು ಹೇಳುವ ಜಪಮಾಲೆಯ ಪ್ರಾರ್ಥನೆ. ಹತ್ತು ಹತ್ತರ ಐದು ಕಂತಿನಲ್ಲಿ ಮೇರಿಮಾತೆಗೆ ಐವತ್ತು ‘ನಮಾನ್ ಮರಿಯೆ’. ಬರ್ತಾಳ ಸಾಲಿನಲ್ಲಿಯೂ ಐವತ್ತು ಹೂ. ಒಬ್ಬರು ಪ್ರಾರ್ಥನೆಯ ಮೊದಲರ್ಧ ಹೇಳಿಕೊಡುವಾಗ ನೂಲನ್ನು ಕಡ್ಡಿಗೆ ಸುತ್ತಿ ಕಿಂಡಿ ತೆರೆಯಬೇಕು. ಉಳಿದವರು ಉಳಿದರ್ಧ ಹೇಳುವಾಗ ಎರಡು ಕುಣಿಕೆ ಒಂದು ಮಾಡಿ ಹೂ ಮುಚ್ಚಬೇಕು. ಪ್ರಾರ್ಥನೆ ಮುಗಿದರೆ ಸಾಲು ಮುಗಿಯಿತು. ಊಟವಾದ ಮೇಲೆ ಹಿಂತಿರುಗುವ ಸಾಲು ಒಂದು, ಬರೀ ಸಾದಾ. ಅದಕ್ಕೆ ಹರಟೆ ಸಾಕು ಎನ್ನುತ್ತಿದ್ದಳು. ದೇವರ ಮುಂದೆ ಹೆಣಿಗೆ ಹಿಡಿದು ಕೂರುವುದೇ ಎಂದು ಒಮ್ಮೆ ಯಾರೋ ಆಕ್ಷೇಪಿಸಿದ್ದಕ್ಕೆ, “ನಿಮ್ಮ ಕೈ ಖಾಲಿ ಉಂಟು, ಅದಕ್ಕೇ ನಿಮ್ಮ ಮನಸ್ಸು ಒಲೆ ಮೇಲಿನ ಮೀನಿನ ಸಾರಿನಲ್ಲಿ ಉಂಟು. ನನ್ನದು ಇಲ್ಲೇ ಉಂಟು” ಎಂದಿದ್ದಳು. ಆಮೇಲೆ ಯಾರೂ ಕೇಳಲಿಲ್ಲ.

ಆರು ವರ್ಷದ ಹಿಂದೆ ಅವಳ ಬೆರಳುಗಳು ಸೊಟ್ಟಗಾದವು. ಹನ್ನೆರಡನೆಯ ವಯಸ್ಸಿನಲ್ಲಿ ಕಾಮಾಲೆಯಾಗಿ ಮಲಗಿದ್ದಾಗ ಹೊತ್ತು ಹೋಗಲು ಅವಳಿಂದ ಹೆಣಿಗೆ ಕಲಿತಿದ್ದ ಲೆಸ್ಟರ್ ಕಡ್ಡಿ ಎತ್ತಿಕೊಂಡ. ಆಗ ಅವನು ಚರಿತ್ರೆಯಲ್ಲಿ ಎಂ.ಎ. ಓದುತ್ತಿದ್ದ, ಈಗ ಮಣಿಪಾಲದ ಒಂದು ಗ್ರಂಥಾಲಯದಲ್ಲಿ ತಾತ್ಕಾಲಿಕ ಸಹಾಯಕ. ಬರ್ತಾ ಹೇಳಿಕೊಡುವವಳು, ಅವನು ಉತ್ತರಿಸುವವನು, ಹೆಣೆಯುವವನು. ಊರಿಗೆ ಮಾತ್ರ ಅದೆಲ್ಲ ಬರ್ತಾಳ ಕೈಕೆಲಸವೇ. ಅವನೂ ಬಾಯಿ ಬಿಟ್ಟಿರಲಿಲ್ಲ. ಈ ವೇಲ್ ಶುರುವಾದ ದಿನ ಬರ್ತಾ ಹೇಳಿದ್ದಳು: “ಇದನ್ನು ಕೊಡುವಾಗ ನೀನೇ ಹೆಣೆದದ್ದು ಎಂದು ಹೇಳಬೇಕು, ಪುತಾ. ಅಡಗಿ ಕೂತದ್ದು ಸಾಕು.”

ನವೆಂಬರ್ ಮೊದಲ ವಾರದ ಒಂದು ಸಂಜೆ, ತೆರ್ಸಿನ ಹೊತ್ತಿಗೆ, ಕುರ್ಚಿಯಲ್ಲಿ ಕೂತಲ್ಲೇ ಬರ್ತಾ ತೀರಿಕೊಂಡಳು. ಅಮ್ಮ ಇಗರ್ಜಿಯ ವಾರ್ಡಿನ ಮೀಟಿಂಗಿಗೆ ಹೋಗಿದ್ದಳು. ಅಪ್ಪ ಕುವೈತಿನಲ್ಲಿ. ಮನೆಯಲ್ಲಿ ಇದ್ದದ್ದು ಲೆಸ್ಟರ್ ಒಬ್ಬನೇ. ಆಸ್ಪತ್ರೆಯಲ್ಲಿ ಡಾಕ್ಟರು ಎಷ್ಟು ಹೊತ್ತಾಯಿತು ಎಂದು ಕೇಳಿದಾಗ “ಈಗಷ್ಟೇ” ಎಂದ. ತೆರ್ಸ್ ಮುಗಿಯುತ್ತಿದ್ದ ಹಾಗೆ ಹೋದರು ಎಂದು ಉಳಿದವರಿಗೆ ಹೇಳಿದ. ಎಂಥ ಪುಣ್ಯದ ಸಾವು ಎಂದು ಊರು ಹೇಳಿತು. ಶವಸಂಸ್ಕಾರದ ಬಲಿಪೂಜೆಯಲ್ಲಿ ಪಾದ್ರಿಗಳೂ ಅದನ್ನೇ ಹೇಳಿದರು.

ಆ ಸಂಜೆಯದೇ ಈ ಸಾಲು. ಇಪ್ಪತ್ತೇಳು ಹೂ, ಅಲ್ಲಿಂದ ಕೊನೆಯವರೆಗೆ ಒಂದೂ ಇಲ್ಲ. ಉಳಿದ ಅರ್ಧವನ್ನು ದುಃಖದಲ್ಲಿ ಮತ್ತೊಂದು ದಿನ ಹೇಗೋ ಮುಗಿಸಿರಬೇಕು ಎಂದು ಅಮ್ಮ ತಿಳಿದಿದ್ದಳು. ಏಳು ದಿನ ಬಿಟ್ಟು ಲೆಸ್ಟರ್ ಮತ್ತೆ ಹೆಣೆಯತೊಡಗಿದ, ಅಮ್ಮ ಹೇಳಿಕೊಟ್ಟಳು, ಆ ಸಾಲಿನ ಮೇಲೆ ಮೂವತ್ತೈದು ಸಾಲು ಬೆಳೆಯಿತು.

ಬರ್ತಾಳ ಇನ್ನೊಂದು ಪದ್ಧತಿ, ಕಾವಲು ನೂಲು. ಪ್ರತಿ ಹತ್ತು ಸಾಲಿಗೊಮ್ಮೆ ಎಲ್ಲ ಕುಣಿಕೆಗಳ ಒಳಗಿನಿಂದ ಒಂದು ನೀಲಿ ನೂಲು ಹಾಯಿಸಿಡುವುದು. ಮೇಲೆ ಎಲ್ಲಿ ತಪ್ಪಿದರೂ ಅಲ್ಲಿಯವರೆಗೆ ಬಿಚ್ಚಬಹುದು. ಅಲ್ಲಿ ಲೇಸು ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಅವನ್ನೆಲ್ಲ ಎಳೆದು ತೆಗೆಯಬೇಕು. ಲೆಸ್ಟರ್ ಎಲ್ಲವನ್ನೂ ತೆಗೆದಿದ್ದ. ಕುರುಡು ಸಾಲಿನ ಕೆಳಗೇ ಇದ್ದ ಒಂದನ್ನು, ಬರ್ತಾ ಬದುಕಿದ್ದಾಗ ಹಾಕಿಸಿದ ಕೊನೆಯದನ್ನು, ತೆಗೆದಿರಲಿಲ್ಲ.

ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ಮದುವೆಗೆ ಇನ್ನು ಇಪ್ಪತ್ತೊಂದು ದಿನ.

*

“ಎಲ್ಲಿ, ತೋರಿಸಿ ನೋಡುವಾ,” ಎನ್ನುತ್ತಲೇ ವೆರೊನಿಕಾ ಒಳಗೆ ಬಂದಳು. ಹಿಂದೆ ಶಾರ್ಲೆಟ್. ಅವಳು ಮಣಿಪಾಲದ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ನೇರ ಬಂದವಳ ಹಾಗೆ ಕಾಣುತ್ತಿದ್ದಳು.

ಅಮ್ಮ ಕ್ರಿಸ್‌ಮಸ್ಸಿನ ಕುಸ್ವಾರ್ ತಿಂಡಿಗಳನ್ನು ಮಾಡುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಒಂದು ತಟ್ಟೆಯಲ್ಲಿ ನೆವ್ರಿ, ಚಕ್ಕುಲಿ ತಂದಿಟ್ಟಳು. “ಪಾಪ, ಅಕ್ಕ ಕೊನೆಯವರೆಗೂ ಇದನ್ನೇ ಹೆಣೆಯುತ್ತಿದ್ದಳು. ಸ್ವಲ್ಪ ಉಳಿದದ್ದನ್ನು ಇವನು ಹೇಗೋ—”

“ಇಲ್ಲ,” ಎಂದ ಲೆಸ್ಟರ್. “ಮೊದಲ ಕುಣಿಕೆಯಿಂದ ನಾನೇ ಹೆಣೆದದ್ದು.”

ಅಮ್ಮ ಅವನನ್ನು ನೋಡಿದ ನೋಟದಲ್ಲಿ ಬೈಗುಳ ಪೂರ್ತಿಯಾಗಿತ್ತು.

ವೆರೊನಿಕಾ ನಕ್ಕಳು. “ತಮಾಷೆ ಸಾಕು ಮಾರಾಯ.”

“ತಮಾಷೆ ಅಲ್ಲ ಆಂಟಿ. ಬರ್ತಾ ಮಾವ್ಶಿಗೆ ಆರು ವರ್ಷದಿಂದ ಚಾದ ಲೋಟ ಹಿಡಿಯಲಿಕ್ಕೂ ಬೆರಳು ಬಗ್ಗುತ್ತಿರಲಿಲ್ಲ.”

“ಹಾಗಾದ್ರೆ ಜೋಸ್ಲಿನ್‌ನ ಮಗುವಿನ ಶಾಲು?”

“ನಾನೇ.”

“ನಮ್ಮ ಇಗರ್ಜಿಯ ಆಲ್ತಾರಿನ ಅಂಚು?”

“ಅದೂ ನಾನೇ.”

“ಯೇಸು!” ವೆರೊನಿಕಾ ಕುರ್ಚಿಯಲ್ಲಿ ಕೂತಳು. “ಎಂ.ಎ. ಮಾಡಿದ ಗಂಡು ಹುಡುಗ! ಬರ್ತಾಬಾಯಿ ಹೆಣೆದದ್ದು ಎಂದು ಕಾರ್ಕಳಕ್ಕೆಲ್ಲ ಹೇಳಿ ಆಗಿದೆ ನಾನು. ಈಗ ಲೆಸ್ಟರ್ ಮಾಡಿದ್ದು ಎಂದು ಹೇಳುದಾ?”

“ಹೇಳಿ.”

“ಬಾಯಿ ನೋಡು ಇವನದು. ಮೊದಲು ನಾಲ್ಕು ಮಾತು ಕೇಳಿದರೆ ಒಂದು ಬರುತ್ತಿರಲಿಲ್ಲ.”

ಶಾರ್ಲೆಟ್ ಅಷ್ಟರಲ್ಲಿ ಒಳಕೋಣೆಗೆ ಹೋಗಿದ್ದಳು. ಹಾಸಿಗೆಯ ಮೇಲೆ ಬಾಗಿ ನಿಂತು ಬೆರಳು ತಾಗಿಸದೆ ನೋಡಿದಳು. “ಮಮ್ಮಿ, ಬನ್ನಿ ಇಲ್ಲಿ. ಎಷ್ಟು ಚೆಂದ ಉಂಟು.” ಆಮೇಲೆ ಸ್ವಲ್ಪ ತಡೆದು, “ಇದೆಂತ ಲೆಸ್ಟರ್, ಇಲ್ಲಿಂದ ಆಚೆ ಹೂವೇ ಇಲ್ಲ?”

ವೆರೊನಿಕಾ ಕನ್ನಡಕ ಹಾಕಿಕೊಂಡು ಬಂದಳು. ಸಾಲಿನ ಮೇಲೆ ಗಾಳಿಯಲ್ಲಿ ಬೆರಳು ಓಡಿಸಿದಳು. ಅಮ್ಮನಿಗೆ ತಡೆಯಲಾಗಲಿಲ್ಲ. “ಅದು ಅಕ್ಕ ಹೋದ ಸಂಜೆಯ ಸಾಲು ವೆರೊನಿಕಾಬಾಯಿ. ಆ ಗಲಾಟೆಯಲ್ಲಿ—”

ಹೇಳಬಾರದ್ದನ್ನು ಹೇಳಿದೆ ಎಂದು ಅವಳಿಗೆ ಗೊತ್ತಾಗುವಷ್ಟರಲ್ಲಿ ವೆರೊನಿಕಾ ಶಿಲುಬೆಯ ಗುರುತು ಮಾಡಿಕೊಂಡಾಗಿತ್ತು.

“ಸಾವಿನ ಸಾಲನ್ನು ನನ್ನ ಮಗಳ ತಲೆಯ ಮೇಲೆ ಹಾಕಿ ಇಗರ್ಜಿಗೆ ಕಳಿಸುದಾ? ಬಿಚ್ಚು. ಬಿಚ್ಚಿ ಸರಿ ಮಾಡಿ ಕೊಡು. ಆಗುತ್ತದಾ ಇಲ್ವಾ?”

“ಆಗುತ್ತದೆ,” ಎಂದ ಲೆಸ್ಟರ್. “ಮಾಡುವುದಿಲ್ಲ.”

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಬೆಳಿಗ್ಗೆಯಿಂದ ತೂಗಿ ನೋಡುತ್ತಿದ್ದದ್ದು ಬಾಯಿಗೆ ಬರುವಾಗ ತೀರ್ಮಾನವಾಗಿ ಬಂದಿತ್ತು.

“ಯಾಕೆ?”

ಅವನು ಸಡಿಲವಾದ ಗುಂಡುಸೂಜಿಯೊಂದನ್ನು ಒತ್ತಿ ಕೂರಿಸಿದ.

“ಯಾಕೆ ಎಂದು ಕೇಳಿದೆ ನಾನು. ತಪ್ಪು ಉಂಟು, ಸರಿ ಮಾಡಲಿಕ್ಕೆ ಆಗುತ್ತದೆ, ದಿನಗಳೂ ಉಂಟು. ಮತ್ತೆ ಎಂತ, ಕೊಬ್ಬಾ?”

“ಹಾಗೆಂದುಕೊಳ್ಳಿ.”

ವೆರೊನಿಕಾ ತಟ್ಟೆಯಿಂದ ಎತ್ತಿದ್ದ ನೆವ್ರಿಯನ್ನು ತಟ್ಟೆಗೇ ಇಟ್ಟಳು. “ಕ್ರಿಸ್‌ಮಸ್ ಕಳೆಯುವವರೆಗೆ ನೋಡುತ್ತೇನೆ. ಆಮೇಲೆ ಉಡುಪಿಯಲ್ಲಿ ರೆಡಿಮೇಡ್ ಸಿಗುತ್ತದೆ. ಅದರಲ್ಲಿ ತಪ್ಪಾದರೂ ಇರುವುದಿಲ್ಲ.”

“ಇರುವುದಿಲ್ಲ. ಅದರ ಮುಂದೆ ಯಾರೂ ಕೂತಿರುವುದಿಲ್ಲವಲ್ಲ.”

ಕಾರು ಹತ್ತುವ ಮೊದಲು ಶಾರ್ಲೆಟ್ ಒಮ್ಮೆ ತಿರುಗಿ ನೋಡಿದಳು. ಆ ನೋಟ ಲೆಸ್ಟರ್‌ಗೆ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಟ್ಟಿತು.

*

ಮರುದಿನ ಆದಿತ್ಯವಾರ. ವೇಲನ್ನು ಹಳೆಯ ತಲೆದಿಂಬಿನ ಚೀಲದಲ್ಲಿ ಮಡಚಿಟ್ಟುಕೊಂಡು ಅವನು ಕಾಪುವಿಗೆ ಹೊರಟ. ಉಡುಪಿಯಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ಜೋಳಿಗೆಯಿಂದ ಸಣ್ಣದೊಂದು ಹೆಣಿಗೆ ಹೊರತೆಗೆದ. ಮಗುವಿನ ಟೋಪಿ, ಅರ್ಧವಾಗಿತ್ತು. ಮನೆಯ ಹೊರಗೆ ಅವನು ಕಡ್ಡಿ ಹಿಡಿದದ್ದು ಅದೇ ಮೊದಲು. ಎರಡು ಸೀಟು ಮುಂದಿನವರು ತಿರುಗಿ ನೋಡಿದರು. ಪಕ್ಕದವನು ಕಿಟಕಿಯ ಕಡೆಗೆ ಸರಿದ.

“ಎಂತ ಮಾರಾಯ್ರೆ, ಹೆಂಡತಿಗೆ ಸ್ವೆಟ್ಟರಾ?” ಕಂಡಕ್ಟರ್ ಕೇಳಿದ.

“ಹೆಂಡತಿ ಇಲ್ಲ. ಕಾಪು ಒಂದು ಕೊಡಿ.”

“ಯಾಕೆ ಇಲ್ಲ ಎಂದು ಈಗ ಗೊತ್ತಾಯ್ತು.”

ಬಸ್ಸು ನಕ್ಕಿತು. ಲೆಸ್ಟರ್‌ನ ಕಿವಿ ಬಿಸಿಯಾಯಿತು. ಆದರೆ ಕೈ ನಿಲ್ಲಲಿಲ್ಲ. “ನಿಮ್ಮ ಅಂಗಿಯ ಮೂರನೇ ಬಟನ್ ಈಗಲೋ ಆಗಲೋ ಎಂದು ನೇತಾಡುತ್ತಾ ಉಂಟು,” ಎಂದ. “ಬಿಚ್ಚಿ ಕೊಡಿ, ಕಾಪು ಬರುವುದರೊಳಗೆ ಹೊಲಿದು ಕೊಡುತ್ತೇನೆ.”

ಈ ಸಲ ನಗು ಆಚೆ ಕಡೆಗೆ ತಿರುಗಿತು. ಕಂಡಕ್ಟರ್ ಕೂಡ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮುಂದಿನ ಸೀಟಿಗೆ ಹೋದ.

ಕಡಲ ದಡದ ದೀಪಸ್ತಂಭದಿಂದ ಸ್ವಲ್ಪ ಆಚೆ, ತೆಂಗಿನ ಗರಿಯ ಚಪ್ಪರದಲ್ಲಿ ಅಂಗಾರ ಬಲೆ ರಿಪೇರಿ ಮಾಡುತ್ತ ಕೂತಿದ್ದ. ಎಪ್ಪತ್ತು ದಾಟಿದವನು, ಕಡಲಿಗೆ ಹೋಗುವುದು ಬಿಟ್ಟು, ಹೋಗುವವರ ಬಲೆ ಹೆಣೆಯುತ್ತಾನೆ. ನಾಲ್ಕು ವರ್ಷದ ಹಿಂದೆ, ನಡುಸಾಲಿನಲ್ಲಿ ನೂಲು ಮುಗಿದಾಗ ಗಂಟು ಕಾಣದ ಹಾಗೆ ಹೊಸ ನೂಲು ಸೇರಿಸುವುದನ್ನು ಲೆಸ್ಟರ್‌ಗೆ ಕಲಿಸಿದವನು ಅವನೇ.

“ಓ, ಪೊರ್ಬುಗಳು!” ಎಂದ, ಇಲ್ಲಿನವರು ಕ್ರೈಸ್ತರನ್ನು ಕರೆಯುವ ಹಾಗೆ. “ಕ್ರಿಸ್‌ಮಸ್ಸಿನ ತಿಂಡಿ ತಂದದ್ದಾ?”

“ತಿಂಡಿ ಅಲ್ಲ ಅಂಗಾರಣ್ಣ. ಒಂದು ನೋಡಿ ಹೇಳಬೇಕಿತ್ತು.”

ಚೀಲದಲ್ಲಿ ಏನಿದೆ ಎಂದು ಕಂಡ ಕೂಡಲೇ ಅಂಗಾರ ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದ. “ಮದುಮಗಳಿಗೆ ಬಂಗುಡೆಯ ವಾಸನೆ ಬೇಡ.” ವೇಲಿನ ಒಂದು ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದ. ಕಿಂಡಿಗಳಲ್ಲಿ ಕಡಲು ಚೂರುಚೂರಾಗಿ ಕಂಡಿತು. “ಕಣ್ಣು ಎಷ್ಟು ಸಣ್ಣದು ಮಾರಾಯ್ರೆ. ಇದರಲ್ಲಿ ಸಿಗಡಿಯ ಮರಿಯೂ ತಪ್ಪಿಸಿಕೊಳ್ಳುವುದಿಲ್ಲ.” ಬಲೆಯ ಕಿಂಡಿಗೆ ಅವರು ಕಣ್ಣು ಎನ್ನುತ್ತಾರೆ.

ಹೆಬ್ಬೆರಳು ಜಾರುತ್ತ ಬಂದು ಆ ಸಾಲಿನಲ್ಲಿ ನಿಂತಿತು.

“ಇಲ್ಲಿ ಕಣ್ಣು ಮುಚ್ಚಿದೆ.”

“ತಪ್ಪಿ ಹೋದದ್ದು.”

“ತಪ್ಪಿದ್ದಾ?” ಅಂಗಾರ ಸಾಲನ್ನು ಉಗುರಿನಿಂದ ಮೆಲ್ಲಗೆ ಮೀಟಿದ. “ತಪ್ಪುವಾಗ ಕೈ ಸಡಿಲ ಆಗ್ತದೆ. ಇಲ್ಲಿ ಬಿಗಿ ಉಂಟು. ಬೇರೆ ಎಲ್ಲಿಯೂ ಇಷ್ಟು ಬಿಗಿ ಇಲ್ಲ. ಯಾರೋ ಕರೆಯುವಾಗ ಕೇಳದ ಹಾಗೆ ಕೂರುವವನ ಕೈ ಇದು.”

ಲೆಸ್ಟರ್ ನೀರಿನ ಕಡೆ ನೋಡಿದ. ಒಂದು ದೋಣಿ ದಡಕ್ಕೆ ಬರಲೋ ಬೇಡವೋ ಎಂಬಂತೆ ತೂಗುತ್ತಿತ್ತು.

“ಬಿಚ್ಚಲಾ ಅಂಗಾರಣ್ಣ?”

“ನನ್ನಲ್ಲಿ ಯಾಕೆ ಕೇಳುದು? ಬಲೆಯಾದರೆ ಮೀನು ಹೋಗ್ತದಾ ಇಲ್ವಾ ಎಂದು ಹೇಳಬಹುದು. ಇದರಲ್ಲಿ ನೀವು ಹಿಡಿಯುದು ಎಂತ, ನನಗೇನು ಗೊತ್ತು?” ವೇಲನ್ನು ಮೊದಲಿದ್ದ ಮಡಿಕೆಗೇ ಮಡಚಿ ಕೊಟ್ಟ. “ಹರಿಯುವುದಿಲ್ಲ. ಅಷ್ಟು ಹೇಳಬಲ್ಲೆ. ಆ ಸಾಲು ಇಡೀ ಬಟ್ಟೆಯಲ್ಲೇ ಗಟ್ಟಿ.”

ಹೊರಡುವಾಗ ಲೆಸ್ಟರ್ ಬಸ್ಸಿನ ಕತೆ ಹೇಳಿದ. ಅಂಗಾರ ನಕ್ಕು ನಕ್ಕು ಕೆಮ್ಮಿದ. “ಅರವತ್ತು ವರ್ಷ ಹೆಣೆದೆ ನಾನು. ಮೀಸೆ ಒಂದು ಕೂದಲೂ ಉದುರಲಿಲ್ಲ. ನೋಡಿ, ಬೇಕಾದರೆ ಎಳೆದು ನೋಡಿ.”

*

ಅಮ್ಮ ಸುಮ್ಮನೆ ಕೂರುವವಳಲ್ಲ. ಆ ಸಂಜೆ ದೇವರ ಗೂಡಿನ ಮುಂದೆ ಮೇಣದಬತ್ತಿ ಹಚ್ಚುತ್ತ ಲೆಕ್ಕ ಹಾಕಿಟ್ಟದ್ದನ್ನು ಮುಂದಿಟ್ಟಳು.

“ದಿನಕ್ಕೆ ಒಂದೇ ಸಾಲು ಎಂಬುದು ಅಕ್ಕನ ಕಟ್ಟುನಿಟ್ಟು ಅಲ್ವಾ? ನಾವು ದಿನಕ್ಕೆ ಎರಡ್ಸಲ ತೆರ್ಸ್ ಹೇಳುವಾ. ಬೆಳಿಗ್ಗೆ ಒಂದು, ಸಂಜೆ ಒಂದು. ಮದುವೆಯ ಮುಂಚಿನ ದಿನದವರೆಗೂ ಹೇಳಿದರೆ ಮೂವತ್ತಾರು ಹೇಗೂ ಆಗುತ್ತದೆ. ಅಕ್ಕನ ಮಾತೂ ಉಳಿಯುತ್ತದೆ, ದೇವರಿಗೂ ಸಂತೋಷ.”

ಲೆಸ್ಟರ್‌ಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅಮ್ಮನ ಲೆಕ್ಕದಲ್ಲಿ ತಪ್ಪಿರಲಿಲ್ಲ. ದಿನ ಸಾಲದು ಎಂಬ, ಅವನ ಬಳಿ ಇದ್ದ ಒಂದೇ ಒಂದು ನೆಪವನ್ನು ಅವಳು ಪ್ರೀತಿಯಿಂದ ಕಿತ್ತುಕೊಂಡಿದ್ದಳು.

“ಬೇಡ ಅಮ್ಮ.”

“ಹುಡುಗಿಯ ಮದುವೆ ಅದು, ನಿನ್ನ ಹಟದ ಮೆರವಣಿಗೆ ಅಲ್ಲ.”

“ಗೊತ್ತುಂಟು. ಅವಳಿಗೆ ಬೇಡವಾದರೆ ಬಿಡಲಿ. ಬಿಚ್ಚಿ ಮಾತ್ರ ಕೊಡುವುದಿಲ್ಲ.”

“ಇನ್ನು ಮುಂದೆ ಯಾರೂ ನಿನ್ನಿಂದ ಒಂದು ಟೋಪಿಯನ್ನೂ ಮಾಡಿಸುವುದಿಲ್ಲ. ನೋಡುತ್ತಿರು.”

“ಮಾಡಿಸದಿರಲಿ.”

“ಅಕ್ಕ ಇದ್ದಿದ್ದರೆ ನಿನ್ನ ಕಿವಿ ಹಿಂಡಿ ಬಿಚ್ಚಿಸುತ್ತಿದ್ದಳು.”

ಅದು ನಿಜವಿರಬಹುದು. ಅಮ್ಮ ಜಪಮಾಲೆ ಎತ್ತಿಕೊಂಡು ಎಂದಿಗಿಂತ ಗಟ್ಟಿಯಾಗಿ ತೆರ್ಸ್ ಶುರುಮಾಡಿದಳು. ಅವನ ಕೈ ಖಾಲಿ ಇತ್ತು. ಬರ್ತಾಳ ಕುರ್ಚಿಯನ್ನು ನೋಡದೆ ಐವತ್ತಕ್ಕೂ ಉತ್ತರ ಹೇಳಿದ.

*

ಕ್ರಿಸ್‌ಮಸ್ಸಿನ ಮರುದಿನ ಯಾರೂ ಕೇಳಿಕೊಂಡು ಬರುವ ಮೊದಲೇ ಅವನು ಕಾರ್ಕಳಕ್ಕೆ ಹೋದ. ವೆರೊನಿಕಾಳ ಮನೆಯ ಸೋಫಾದ ಮೇಲೆ ಬಿಳಿ ಡಬ್ಬಿಯೊಂದು ತೆರೆದಿತ್ತು. ಒಳಗೆ ಮಿಣುಕು ಕಲ್ಲು ಅಂಟಿಸಿದ ನೆಟ್ಟಿನ ವೇಲ್.

“ಸರಿ ಮಾಡಿ ತಂದದ್ದಾ?” ವೆರೊನಿಕಾ ಕೇಳಿದಳು.

“ಇಲ್ಲ. ಹಾಗೆಯೇ ತಂದದ್ದು.”

“ಹಾಗಾದರೆ ಬಸ್ಸಿನ ಚಾರ್ಜು ದಂಡ.”

“ನಾನು ಶಾರ್ಲೆಟ್ ಹತ್ತಿರ ಮಾತಾಡಲಿಕ್ಕೆ ಬಂದದ್ದು ಆಂಟಿ. ತಲೆ ಅವಳದ್ದು.”

ಶಾರ್ಲೆಟ್ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಹೊರಗೆ ಬಂದಳು. ಲೆಸ್ಟರ್ ಮೇಜಿನ ಮೇಲೆ ವೇಲನ್ನು ಹರಡಿದ. ನೀಲಿ ನೂಲಿನ ತುದಿ ಅಂಚಿನಿಂದ ಇಷ್ಟೇ ಹೊರಗೆ ಇಣುಕುತ್ತಿತ್ತು.

“ಇದು ಕಾವಲು ನೂಲು,” ಎಂದ. “ಇದು ಇರುವವರೆಗೆ ಬಿಚ್ಚಿದರೆ ಇಲ್ಲಿ ಬಂದು ನಿಲ್ಲುತ್ತದೆ. ತೆಗೆದರೆ ಬಿಚ್ಚಲು ಹೋದವರ ಕೈಯಲ್ಲಿ ಇಡೀ ವೇಲ್ ಜಾರಿ ಹೋಗುತ್ತದೆ. ಈವರೆಗೆ ಇದನ್ನು ತೆಗೆದಿರಲಿಲ್ಲ. ನನಗೇ ಧೈರ್ಯ ಇರಲಿಲ್ಲ.”

ತುದಿಯನ್ನು ಹಿಡಿದು ಎಳೆದ. ನೂಲು ಸಲೀಸಾಗಿ ಬಂತು, ಎಳೆದಷ್ಟೂ ಬಂತು. ಐದು ಅಡಿಗೂ ಹೆಚ್ಚು ಉದ್ದದ ನೀಲಿ ನೂಲು ಅವನ ಬೆರಳಿಗೆ ಸುತ್ತಿಕೊಂಡಿತು.

“ಅಯ್ಯೋ, ಎಂತ ಮಾಡಿದ್ದು ನೀನು!” ವೆರೊನಿಕಾ ಎದ್ದೇಬಿಟ್ಟಳು.

“ಇನ್ನು ಇದು ಹೀಗೆಯೇ, ಆಂಟಿ. ಬೇಕಾದರೆ ಇಟ್ಟುಕೊಳ್ಳಿ. ಬೇಡವಾದರೆ ನಾನು ತೆಗೆದುಕೊಂಡು ಹೋಗುತ್ತೇನೆ. ಸರಿ ಮಾಡು ಎಂದು ಮಾತ್ರ ಇನ್ನು ಯಾರೂ ಹೇಳುವ ಹಾಗಿಲ್ಲ.”

ವೆರೊನಿಕಾ ಮಗಳ ಕಡೆಗೆ ನೋಡಿದಳು, ಬೈ ಎನ್ನುವ ಹಾಗೆ. ಶಾರ್ಲೆಟ್ ಕುರ್ಚಿ ಎಳೆದುಕೊಂಡು ವೇಲಿನ ಮುಂದೆ ಕೂತಿದ್ದಳು. ತೋರುಬೆರಳು ಆ ಸಾಲಿನ ಮೇಲೆ ಹೂವಿನಿಂದ ಹೂವಿಗೆ ದಾಟುತ್ತಿತ್ತು. ತುಟಿ ಅಲುಗುತ್ತಿತ್ತು.

“ಒಂದು ನಮಾನ್ ಮರಿಯೆಗೆ ಒಂದು ಹೂ ಅಲ್ವಾ? ಮಮ್ಮಿ ಹೇಳಿದ್ದು ನೆನಪುಂಟು.”

“ಹೌದು.”

“ಇಪ್ಪತ್ತೇಳು ಉಂಟು.”

ಲೆಸ್ಟರ್ ನೂಲನ್ನು ಬೆರಳಿನಿಂದ ಬಿಡಿಸತೊಡಗಿದ.

“ಮೂರನೇ ಹತ್ತರಲ್ಲಿ ಏಳನೆಯದು,” ಎಂದಳು ಶಾರ್ಲೆಟ್, ತನಗೇ ಹೇಳಿಕೊಳ್ಳುವಂತೆ. “ಬರ್ತಾ ಆಂಟಿ ತೆರ್ಸ್ ಮುಗಿಸಿ ಹೋದದ್ದು ಎಂದು ಎಲ್ಲರೂ—” ಅವಳು ಅಲ್ಲಿಗೆ ನಿಲ್ಲಿಸಿದಳು. ಉಳಿದ ಅರ್ಧ ಸಾಲನ್ನು ಅಂಗೈಯಿಂದ ಸವರಿದಳು, ಕೊನೆಯವರೆಗೆ. ದಿನವೂ ಯಂತ್ರಗಳ ಸದ್ದು ನಿಲ್ಲುವುದನ್ನು ಕೇಳುವವಳು ಅವಳು. ಆಮೇಲೆ ಅವನ ಮುಖವನ್ನು ನೋಡಿದಳು. ಲೆಸ್ಟರ್ ನೋಟ ತಪ್ಪಿಸಲಿಲ್ಲ.

“ಎಂತ ಗುಸುಗುಸು ನಿಮ್ಮದು?” ಎಂದಳು ವೆರೊನಿಕಾ.

“ಏನಿಲ್ಲ ಮಮ್ಮಿ. ನನಗೆ ಇದೇ ಇರಲಿ.”

“ಶಾರ್ಲೆಟ್! ಸಾವಿನ—”

“ಸಾವಿನ ಕೋಣೆಯಲ್ಲೇ ನನ್ನ ಡ್ಯೂಟಿ ಮಮ್ಮಿ. ಅಲ್ಲಿಂದ ಬಂದು ಕೈ ತೊಳೆದು ನಿಮ್ಮ ಮೇಜಿನಲ್ಲೇ ಊಟ ಮಾಡುತ್ತೇನೆ. ಆಗ ಇಲ್ಲದ ದೋಷ ಈಗ ಬರುವುದಿಲ್ಲ.” ಟವೆಲು ಬಿಚ್ಚಿ, ಒದ್ದೆ ಕೂದಲ ಮೇಲೆಯೇ ವೇಲ್ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಕುರುಡು ಸಾಲು ಎಡಭುಜದ ಮೇಲೆ ಇಳಿದು ಬೆನ್ನಿಗೆ ಹೋಗುತ್ತಿತ್ತು. “ಆ ಕಲ್ಲಿನ ವೇಲ್ ವಾಪಸು ತೆಗೆದುಕೊಳ್ಳುತ್ತಾರಾ ಕೇಳಿ. ಅದರಲ್ಲಿ ನಾನು ಮಾರಿಯ ಹಾಗೆ ಕಾಣುತ್ತೇನೆ.”

ಅವನನ್ನು ಬೀಳ್ಕೊಡಲು ಬಾಗಿಲವರೆಗೆ ಬಂದಾಗ ಅವಳು ದನಿ ತಗ್ಗಿಸಿ, “ಯಾವತ್ತಾದರೂ ಹೇಳಬೇಕು ಎಂದು ಅನ್ನಿಸಿದರೆ ಹೇಳು,” ಎಂದಳು. ಅವನು ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಅವಳು ಕೇಳಲಿಲ್ಲ.

*

ಮದುವೆಯ ದಿನ ಲೆಸ್ಟರ್ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಅಮ್ಮನ ಪಕ್ಕ ಕೂತಿದ್ದ. ಶಾರ್ಲೆಟ್ ಒಳಗೆ ಬರುವಾಗ ಹಿಂದಿನ ಬಾಗಿಲಿನ ಬೆಳಕು ವೇಲಿನೊಳಗಿನಿಂದ ಹಾದು ನೆಲದ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿತ್ತು. ಚುಕ್ಕಿಗಳ ನಡುವೆ ಒಂದು ಗೆರೆಯೂ ನಡೆದುಕೊಂಡು ಹೋಯಿತು. ಅಮ್ಮ ಅವನ ಮೊಣಕೈ ಹಿಡಿದಳು. ಬಿಡಲಿಲ್ಲ.

ಮದುವೆ ಹಾಲ್‌ನಲ್ಲಿ ಊಟದ ಹೊತ್ತಿಗೆ ವೆರೊನಿಕಾ ಯಾರಿಗೋ ಹೇಳುವುದು ಕೇಳಿಸಿತು: “ಅದು ತಪ್ಪಲ್ಲ, ಡಿಸೈನು. ಕೆಮ್ಮಣ್ಣಿನ ಲೆಸ್ಟರ್ ಹೆಣೆದದ್ದು. ಹೌದು, ಹುಡುಗನೇ. ಈಗ ಎಲ್ಲ ಹಾಗೆಯೇ ಅಲ್ವಾ.” ಸ್ವಲ್ಪ ಹೊತ್ತಿಗೆ ಅವಳೇ ಕೆಂಪು ಸೀರೆಯ ಹೆಂಗಸೊಬ್ಬಳನ್ನು ಕರೆದುಕೊಂಡು ಅವನ ಮೇಜಿಗೆ ಬಂದಳು. ಆ ಹೆಂಗಸಿನ ಮಗಳಿಗೆ ಮೇ ತಿಂಗಳಲ್ಲಿ ಮದುವೆಯಂತೆ.

“ಇದೇ ನಮೂನೆ ಬೇಕು ನಮಗೆ,” ಎಂದಳು ಹೆಂಗಸು. “ಆ ಸಾದಾ ಗೆರೆ ಉಂಟಲ್ಲ, ಅದೂ ಬೇಕು. ಅದು ಇದ್ದರೇ ಚೆಂದ.”

“ವೇಲ್ ಹೆಣೆದು ಕೊಡುತ್ತೇನೆ,” ಎಂದ ಲೆಸ್ಟರ್. “ಗೆರೆ ಬರುವುದಿಲ್ಲ.”

“ಯಾಕೆ? ಸಾದಾ ಹೆಣೆದರೆ ಆಯ್ತಲ್ಲ. ಅದೇನು ಕಷ್ಟ?”

“ಕಷ್ಟ ಏನಿಲ್ಲ. ಹೆಣೆಯುವುದಿಲ್ಲ.”

“ಇವನು ಹೀಗೆಯೇ,” ವೆರೊನಿಕಾ ಹೆಮ್ಮೆಯೋ ದೂರೋ ಗೊತ್ತಾಗದ ದನಿಯಲ್ಲಿ ಹೇಳಿದಳು. “ಮಾಡುವುದಿಲ್ಲ ಎಂದರೆ ಮಾಡುವುದಿಲ್ಲ. ಯಾಕೆ ಎಂದು ಮಾತ್ರ ಕೇಳಬಾರದು.”

ಅವರು ನಗುತ್ತ ಹೋದರು. ಆಚೆ ಮೇಜಿನಲ್ಲಿ ಯಾರೋ ಬರ್ತಾಳ ಪುಣ್ಯದ ಸಾವಿನ ಬಗ್ಗೆ ಮಾತಾಡುತ್ತಿದ್ದರು. ಲೆಸ್ಟರ್ ಜೇಬಿನಲ್ಲಿದ್ದ ನೀಲಿ ನೂಲಿನ ಉಂಡೆಯನ್ನು ಬೆರಳಿನಿಂದ ಒತ್ತಿ ನೋಡಿಕೊಂಡ.

ಇಪ್ಪತ್ತೇಳನೆಯ ಹೂವಿನ ನಂತರ ಬರ್ತಾಳ ದನಿ ನಿಂತದ್ದು ತನಗೆ ಕೇಳಿಸಿತ್ತು, ಯಾಕೆ ನಿಂತಿತು ಎಂಬುದೂ ಗೊತ್ತಾಗಿತ್ತು, ಆದರೂ ಸಾಲು ಮುಗಿಯುವವರೆಗೆ ತಾನು ತಲೆ ಎತ್ತಿ ನೋಡಲಿಲ್ಲ ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ.